ಉಗುರಿಗೂ ಸೋತ ಕಾರು

ಕಾರು ರೇಸು ಅಂದಮೇಲೆ ಸದ್ದಿರಬೇಕು, ಹೊಗೆಯಿರಬೇಕು, ಸುಟ್ಟ ಟಯರಿನ ವಾಸನೆಯಿರಬೇಕು, ಒಂದಾದರೂ ಗಾಡಿ ಪಲ್ಟಿ ಹೊಡೆಯಬೇಕು. 2017ರ ಏಪ್ರಿಲ್ 28ರಂದು ಫ್ರಾನ್ಸಿನ ಟುಲೂಸ್ ನಗರದಲ್ಲಿ ಶುರುವಾದ ರೇಸಿನಲ್ಲಿ ಇದ್ಯಾವುದೂ ಇರಲಿಲ್ಲ. ಕಾರೂ ಇರಲಿಲ್ಲ ಅಂದರೆ ಸಂಘಟಕರು ಸಿಟ್ಟಾದಾರು. ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೆ.

ಜಗತ್ತಿನ ಮೊದಲ ನ್ಯಾನೊಕಾರ್ ರೇಸ್ ಅದು. ನಡೆಸಿದ್ದು ಫ್ರಾನ್ಸಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಸಿಎನ್‌ಆರ್‌ಎಸ್. ಒಂದೊಂದು ಕಾರೂ ಒಂದೇ ಒಂದು ಅಣು. ಟ್ರ್ಯಾಕು ಅಪ್ಪಟ ಚಿನ್ನದ್ದು. ಚಿನ್ನದ ರಸ್ತೆಯೆಂದು ಯಾವ ಗುತ್ತಿಗೆದಾರನೂ ಬಾಯಿ ಚಪ್ಪರಿಸಬೇಕಾಗಿಲ್ಲ, ಅದರ ಉದ್ದ 100 ನ್ಯಾನೊಮೀಟರ್. ಒಂದು ತಲೆಗೂದಲಿನ ಈ ಅಂಚಿನಿಂದ ಆ ಅಂಚಿಗೆ ಹೋಗಬೇಕಾದರೆ ಇಂಥ ಏಳೆಂಟುನೂರು ಟ್ರ್ಯಾಕುಗಳನ್ನು ಒಂದರ ಮುಂದೊಂದು ಜೋಡಿಸಬೇಕು. ಅಷ್ಟರಲ್ಲೇ ಎರಡು ತಿರುವು ಬೇರೆ! ಹವಾಮಾನ ಮೈನಸ್ 268 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಜೊತೆಗೆ ಪೂರ್ತಿ ನಿರ್ವಾತ. ಗ್ಯಾಲರಿ ಕಟ್ಟಿ ಕಡಲೆಕಾಯಿ ಮಾರಲು ಅನುಕೂಲವಾದ ಜಾಗವಲ್ಲ. ಹೀಗಾಗಿ ಜನರಿಗೆ ಯೂಟ್ಯೂಬಿನಲ್ಲಿ ನೇರಪ್ರಸಾರದ ಏರ್ಪಾಡಾಗಿತ್ತು.

ಆರು ತಂಡಗಳು ಬಂದವು. ಫ್ರಾನ್ಸ್, ಜರ್ಮನಿ, ಜಪಾನ್, ಸ್ವಿಟ್ಜರ್ಲೆಂಡ್‌ಗಳಿಂದ ಒಂದೊಂದು, ಅಮೆರಿಕದ ಓಹಾಯೊದಿಂದ ಒಂದು, ಅಮೆರಿಕದ ರೈಸ್ ವಿಶ್ವವಿದ್ಯಾಲಯ ಮತ್ತು ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯ ಕೂಡಿ ಕಟ್ಟಿದ್ದು ಇನ್ನೊಂದು. ಎಲ್ಲರೂ ರಸಾಯನಶಾಸ್ತ್ರ, ಭೌತಶಾಸ್ತ್ರ ಅರೆದು ಕುಡಿದವರು. ಆದರೆ ‘ಲೋಹದ ಮೇಲ್ಮೈಯಲ್ಲಿ ಏಕಾಣುವಿನ ನಿಯಂತ್ರಿತ ಚಲನೆ’ ಅಂದರೆ ಮನೆಯವರೂ ಆಕಳಿಸುತ್ತಾರೆಂದು ಗೊತ್ತಿದ್ದವರು. ಆದ್ದರಿಂದ ಅಣುಗಳಿಗೆ ನಾಮಕರಣವಾಯಿತು: ನ್ಯಾನೊ ಡ್ರ್ಯಾಗ್‌ಸ್ಟರ್, ಡೈಪೋಲಾರ್ ರೇಸರ್, ಬಾಬ್‌ಕ್ಯಾಟ್ ನ್ಯಾನೊವ್ಯಾಗನ್, ಗ್ರೀನ್ ಬಗ್ಗಿ. ಹೆಸರು ಕೇಳಿದರೆ ಸಾಕು, ಪೆಟ್ರೋಲ್ ವಾಸನೆ ಬರಬೇಕು! ದಾರಿಯಲ್ಲಿ ಓಡುವ ಕಾರು ಮಾಡುವ ಕಂಪನಿಗಳೂ ಪ್ರಾಯೋಜಕರಾಗಿ ಬಂದು ನಿಂತವು. ಜಾಹೀರಾತಿನ ಫಲಕ ಅಂಟಿಸಲು ಬಾನೆಟ್ ಇಲ್ಲದ ಕಾರಿಗೂ ಪ್ರಾಯೋಜಕರು ಸಿಗುತ್ತಾರೆ, ಬಾನೆಟ್ ಎತ್ತಿ ಒಳಗೇನಿದೆ ಎಂದು ನೋಡುವವರು ಮಾತ್ರ ಸಿಗುವುದಿಲ್ಲ.

ನಿಯಮ ಕಟ್ಟುನಿಟ್ಟು. ತಳ್ಳಿ ಸ್ಟಾರ್ಟ್ ಮಾಡುವಂತಿಲ್ಲ. ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕದ ಸೂಜಿಮೊನೆಯನ್ನು ಅಣುವಿನ ಹತ್ತಿರ ತಂದು, ಮುಟ್ಟದೆ, ವಿದ್ಯುತ್ತಿನ ಚುರುಕು ಮಾತ್ರ ಕೊಡಬೇಕು. ಮನಸ್ಸು ಬಂದರೆ ಅಣು ಒಂದು ಹೆಜ್ಜೆ ಸರಿಯುತ್ತದೆ. ತಮಾಷೆ ಎಂದರೆ, ಗಾಡಿ ಓಡಿಸುವುದೂ ಅದೇ ಮೊನೆ, ಗಾಡಿ ಎಲ್ಲಿದೆಯೆಂದು ನೋಡುವುದೂ ಅದೇ ಮೊನೆ. ಓಡಿಸುವಾಗ ನೋಡುವಂತಿಲ್ಲ, ನೋಡುವಾಗ ಓಡಿಸುವಂತಿಲ್ಲ. ಚಾಲಕ ಕುರುಡುಗಣ್ಣಿನಲ್ಲಿ ಒಂದು ಚುರುಕು ಮುಟ್ಟಿಸಿ, ಆಮೇಲೆ ಮೇಲ್ಮೈಯನ್ನು ಗೆರೆಗೆರೆಯಾಗಿ ಸವರಿ ಚಿತ್ರ ಬರುವವರೆಗೆ ಕಾದು, ‘ಓ, ಇಲ್ಲಿದ್ದೀಯಾ’ ಎನ್ನಬೇಕು. ನೇರಪ್ರಸಾರದಲ್ಲಿ ಪ್ರೇಕ್ಷಕನಿಗೆ ಕಂಡದ್ದು ಇದೇ: ಪರದೆ ನೋಡುತ್ತ ಕೂತ ಪ್ರೊಫೆಸರುಗಳನ್ನು ಇನ್ನೊಂದು ಪರದೆಯಲ್ಲಿ ನೋಡುವುದು.

ಇನ್ನು ವೇಗ. ಎಲ್ಲರಿಗಿಂತ ಚುರುಕಾಗಿದ್ದ ಡೈಪೋಲಾರ್ ರೇಸರಿನ ಸರಾಸರಿ ವೇಗ ಗಂಟೆಗೆ 95 ನ್ಯಾನೊಮೀಟರ್. ಮನುಷ್ಯನ ಕೈಯುಗುರು ತಿಂಗಳಿಗೆ ಮೂರು, ಮೂರೂವರೆ ಮಿಲಿಮೀಟರ್ ಬೆಳೆಯುತ್ತದೆ. ಲೆಕ್ಕ ಹಾಕಿ ನೋಡಿ, ಗಂಟೆಗೆ ನಾಲ್ಕು ಸಾವಿರ ನ್ಯಾನೊಮೀಟರಿಗೂ ಮೇಲಾಯಿತು. ಅಂದರೆ ಚಾಲಕ ಆತಂಕದಿಂದ ಉಗುರು ಕಚ್ಚುತ್ತ ಕೂತಿದ್ದಾಗ, ಆ ಉಗುರೇ ಕಾರನ್ನು ನಲವತ್ತು ಪಟ್ಟು ಹಿಂದೆ ಹಾಕಿ ಓಡುತ್ತಿತ್ತು. ಇದೇ ವೇಗದಲ್ಲಿ ಎಡೆಬಿಡದೆ ಹೋದರೆ ಒಂದು ಕಿಲೋಮೀಟರ್ ದಾಟಲು ಸುಮಾರು ಹನ್ನೆರಡು ಲಕ್ಷ ವರ್ಷ ಬೇಕು. ಅಷ್ಟರಲ್ಲಿ ಪ್ರಾಯೋಜಕರು ಬದಲಾಗಿರುತ್ತಾರೆ.

ಫಲಿತಾಂಶವಂತೂ ಕನ್ನಡ ಶಾಲೆಯ ವಾರ್ಷಿಕೋತ್ಸವಕ್ಕೆ ಸಾಟಿ. ಸ್ವಿಸ್ಸರ ನ್ಯಾನೊ ಡ್ರ್ಯಾಗ್‌ಸ್ಟರ್ ಚಿನ್ನದ ಟ್ರ್ಯಾಕಿನಲ್ಲಿ ಆರೂವರೆ ಗಂಟೆ ಬೆವರು ಸುರಿಸಿ, ಗೆರೆ ದಾಟಿಯೂ ಮುಂದೆ ಹೋಗಿ, 133 ನ್ಯಾನೊಮೀಟರ್ ಸಾಗಿತು. ರೈಸ್-ಗ್ರಾಜ್ ತಂಡದ ಡೈಪೋಲಾರ್ ರೇಸರ್ ಓಡಿದ್ದು ಬೆಳ್ಳಿಯ ಮೇಲೆ. ಚಿನ್ನದ ಮೇಲೆ ಅದು ಹಿಡಿತಕ್ಕೇ ಸಿಗದಷ್ಟು ಜಾರುತ್ತಿತ್ತಂತೆ. ಕಾರು ಗ್ರಾಜ್‌ನಲ್ಲಿ, ನಿಯಂತ್ರಣ ಟುಲೂಸ್‌ನಲ್ಲಿ, ಸಾಗಿದ ದೂರ 150 ನ್ಯಾನೊಮೀಟರ್, ಸಮಯ ಸುಮಾರು ಒಂದೂವರೆ ಗಂಟೆ. ಬೇರೆ ಊರು, ಬೇರೆ ಲೋಹ, ಬೇರೆ ದೂರ, ಬಹುಮಾನ ಮಾತ್ರ ಒಂದೇ: ಇಬ್ಬರೂ ಪ್ರಥಮ. ಓಹಾಯೊದ ನ್ಯಾನೊವ್ಯಾಗನ್ 43 ನ್ಯಾನೊಮೀಟರಿಗೆ ನಿಂತು ಮೂರನೆಯದಾಯಿತು. ಪಂದ್ಯದಲ್ಲೇ ಭಾರೀ ಗಾಡಿ ಅದು, 644 ಪರಮಾಣುಗಳ ಬೃಹದ್ವಾಹನ. ಅದಕ್ಕೆ ಕುಂಬಳಕಾಯಿ ಆಕಾರದ ನಾಲ್ಕು ಅಣುಗಳೇ ಚಕ್ರ. ನಾವು ಆಯುಧಪೂಜೆಗೆ ಗಾಡಿಯ ಮುಂದೆ ಕುಂಬಳಕಾಯಿ ಒಡೆಯುತ್ತೇವೆ, ಅವರು ಅದನ್ನೇ ಚಕ್ರ ಮಾಡಿ ಕೂರಿಸಿದರು, ಫಲ ಅಷ್ಟರಮಟ್ಟಿಗೇ ಬಂತು. ಜಂಟಿ ವಿಜೇತರಾದ ಸ್ವಿಸ್ಸರ ಕಾರಿಗೆ ಚಕ್ರವೇ ಇರಲಿಲ್ಲ! ಸರಳ, ಚಪ್ಪಟೆ ಅಣು. ನಾಲ್ಕು ಚಕ್ರ ಇದ್ದರೆ ಕಾರು ಎಂಬುದು ನಮ್ಮ ಭ್ರಮೆ, ಅಣುವಿಗೆ ಆ ಭ್ರಮೆಯಿಲ್ಲ. ಜಪಾನಿನವರದು ಒಂದೇ ನ್ಯಾನೊಮೀಟರ್. ಅಷ್ಟಕ್ಕೇ ಅವರ ಕಂಪ್ಯೂಟರ್ ಕೈಕೊಟ್ಟಿತು. ಅಣು ಸಿದ್ಧವಿತ್ತು, ಚಿನ್ನ ಸಿದ್ಧವಿತ್ತು, ಸಾಫ್ಟ್‌ವೇರ್ ತಯಾರಿರಲಿಲ್ಲ.

ನಗುವುದು ಸುಲಭ. ಆದರೆ ಈ ವೇಷ ಯಾರಿಗಾಗಿ ಎಂದು ಕೇಳಿದರೆ ನಗು ನಮ್ಮ ಕಡೆಗೇ ತಿರುಗುತ್ತದೆ. 2016ರ ರಸಾಯನಶಾಸ್ತ್ರದ ನೊಬೆಲ್ ಅಣುಯಂತ್ರಗಳಿಗೇ ಸಂದಿತ್ತು, ಸೋವಾಜ್, ಸ್ಟಾಡರ್ಟ್, ಫೆರಿಂಗಾ ಮೂವರಿಗೆ. ಅದನ್ನು ನಾವು ಪತ್ರಿಕೆಯ ಒಳಪುಟದಲ್ಲಿ ಓದಿ ಮಡಚಿಟ್ಟೆವು. ಆರು ತಿಂಗಳ ನಂತರ ಅದೇ ವಿದ್ಯೆಗೆ ‘ಕಾರು’ ಎಂದು ಹೆಸರಿಟ್ಟು, ‘ರೇಸು’ ಎಂದು ಡಂಗುರ ಹೊಡೆಸಿದ ಮೇಲೆ ಕಣ್ಣರಳಿಸಿದೆವು. ಈ ಕಸುಬಿಗೆ ಡಂಗುರ ಹೊಸತೇನಲ್ಲ. 1981ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಬಿನ್ನಿಗ್ ಮತ್ತು ರೋರರ್ ಈ ಸೂಜಿಮೊನೆಯ ಸೂಕ್ಷ್ಮದರ್ಶಕ ಕಂಡುಹಿಡಿದರು, 1986ರಲ್ಲಿ ನೊಬೆಲ್ ಪಡೆದರು. ಅದರ ಮೊನೆಯಿಂದ ಪರಮಾಣುಗಳನ್ನು ಒಂದೊಂದಾಗಿ ಎತ್ತಿಡಬಹುದೆಂದು 1989ರಲ್ಲಿ ಅದೇ ಕಂಪನಿಯವರು ತೋರಿಸಿದಾಗ ಮನುಷ್ಯ ಬರೆದ ಮೊದಲ ಬರಹವಾದರೂ ಏನು? 35 ಕ್ಸೆನಾನ್ ಪರಮಾಣುಗಳಲ್ಲಿ ಸಂಬಳ ಕೊಟ್ಟ ಕಂಪನಿಯ ಹೆಸರು. ಸೃಷ್ಟಿಯ ಅತಿ ಚಿಕ್ಕ ಹಲಗೆಯ ಮೇಲೆ ಅಕ್ಷರಾಭ್ಯಾಸ ಶುರುವಾದದ್ದೇ ಧಣಿಯ ಹೆಸರಿನಿಂದ.

ಟುಲೂಸಿನ ನಿಜವಾದ ಸಾಹಸ ಯಾವ ಕಾರಿನದೂ ಅಲ್ಲ. ಒಂದೇ ಸೂಕ್ಷ್ಮದರ್ಶಕದಲ್ಲಿ ನಾಲ್ಕು ಮೊನೆಗಳು. ನಾಲ್ಕು ತಂಡಗಳು ಒಂದೇ ಚಿನ್ನದ ಚೂರಿನ ಮೇಲೆ, ಒಂದೇ ಹೊತ್ತಿಗೆ, ಒಬ್ಬರ ಕೆಲಸ ಇನ್ನೊಬ್ಬರಿಗೆ ನಡುಕ ತರದ ಹಾಗೆ ದುಡಿಯಬೇಕಿತ್ತು. ಪರೀಕ್ಷೆ ಇದ್ದದ್ದು ಆ ಉಪಕರಣಕ್ಕೆ, ಕಾರು ಒಂದು ನೆಪ. ಆದರೆ ‘ನಾಲ್ಕು ಮೊನೆಗಳು ಸಾಂಗವಾಗಿ ಕೆಲಸ ಮಾಡಿದವು’ ಎಂಬ ಸುದ್ದಿಗೆ ಯಾವ ಸಂಪಾದಕ ಮುಖಪುಟ ಕೊಡುತ್ತಾನೆ? ‘ಗೆದ್ದವರಾರು’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಜ್ಞಾನ ನಮಗೆ ಅಜೀರ್ಣ. ಕ್ರಿಕೆಟ್ಟಿಗೆ ಸ್ಕೋರು, ಚುನಾವಣೆಗೆ ಸ್ಕೋರು, ಅಡುಗೆಗೂ ಟೀವಿಯಲ್ಲಿ ಸ್ಕೋರು ಕೊಟ್ಟ ಮೇಲೆ, ಅಣು ಒಂದೇ ಯಾಕೆ ಸುಮ್ಮನಿರಬೇಕು?

ಆದರೂ ಈ ನೇರಪ್ರಸಾರ ಗೊತ್ತಿಲ್ಲದೆ ಒಂದು ಗುಟ್ಟು ರಟ್ಟು ಮಾಡಿತು. ಸಂಶೋಧನಾ ಲೇಖನದಲ್ಲಿ ಓದುವಾಗ ವಿಜ್ಞಾನ ಇಸ್ತ್ರಿ ಹಾಕಿದ ಅಂಗಿ: ಹೀಗೆ ಮಾಡಿದೆವು, ಹೀಗಾಯಿತು, ಇಗೋ ಚಿತ್ರ. ಇಲ್ಲಿ ಮಾತ್ರ ಕಾದದ್ದು, ಕೆಟ್ಟದ್ದು, ಮತ್ತೆ ಶುರುಮಾಡಿದ್ದು ಎಲ್ಲವೂ ಕ್ಯಾಮೆರಾ ಮುಂದೆಯೇ ನಡೆಯಿತು. ಆ ಭಾಗವನ್ನೇ ಜನ ಫಾಸ್ಟ್ ಫಾರ್ವರ್ಡ್ ಮಾಡಿ ಗೆದ್ದವರ ಹೆಸರಿಗೆ ಹಾರಿದರು. ಸಂಶೋಧನೆ ನಡೆದದ್ದು ಹಾರಿಸಿಬಿಟ್ಟ ಭಾಗದಲ್ಲಿ.

2022ರ ಮಾರ್ಚಿನಲ್ಲಿ ಎರಡನೇ ರೇಸು, ಈ ಸಲ ಎಂಟು ತಂಡ. ಮೊದಲ ಸಲ ಒಂದೇ ನ್ಯಾನೊಮೀಟರಿಗೆ ಮುಗ್ಗರಿಸಿದ್ದ ಜಪಾನಿನವರು ಈಗ ಸಾವಿರ ನ್ಯಾನೊಮೀಟರ್ ದಾಟಿ, ಸ್ಪೇನಿನ ತಂಡದ ಜೊತೆ ಪ್ರಥಮ ಸ್ಥಾನ ಹಂಚಿಕೊಂಡರು. ಚಪ್ಪಾಳೆಯಾಯಿತು, ಫೋಟೋ ಆಯಿತು. ಒಂದರಿಂದ ಸಾವಿರಕ್ಕೆ ತಲುಪಿಸಿದ ನಡುವಿನ ಐದು ವರ್ಷಕ್ಕೆ ವೀಕ್ಷಕ ವಿವರಣೆ ಕೊಟ್ಟವರಿಲ್ಲ. ಗೆದ್ದ ದಿನ ಹೂಗುಚ್ಛ ಹಿಡಿದು ಬರುವವರೆಲ್ಲ, ಅಂಥ ಐದು ವರ್ಷದ ಅನುದಾನದ ಅರ್ಜಿ ಮೇಜಿಗೆ ಬಂದ ದಿನ ಕನ್ನಡಕ ಸರಿಮಾಡಿಕೊಂಡು ಕೇಳುವ ಪ್ರಶ್ನೆ ಎಲ್ಲ ದೇಶಗಳಲ್ಲೂ ಒಂದೇ: “ಸರಿ ಸ್ವಾಮಿ, ಇದರಿಂದ ಏನುಪಯೋಗ?”