ತಲೆಕೆಳಗಾದ ತೆಳ್ಳೇವು

ಕದ್ರಾದವರಿಗೆ ಬಿಸಿಯ ಪಾಠ ಹೇಳಲು ಬರಬಾರದು. ಪಕ್ಕದ ಕೈಗಾದಲ್ಲಿ 220 ಮೆಗಾವಾಟಿನ 4 ಅಣುವಿದ್ಯುತ್ ಘಟಕಗಳು. ಅಲ್ಲಿ ಹುಟ್ಟುವ ಬಿಸಿಯಲ್ಲಿ ಮೂರನೇ ಒಂದು ಪಾಲೂ ಕರೆಂಟಾಗುವುದಿಲ್ಲ. ಮಿಕ್ಕಿದ್ದನ್ನೆಲ್ಲ ಸುಮ್ಮನೆ ಹೊತ್ತುಕೊಳ್ಳುವುದು ನಮ್ಮ ಅಣೆಕಟ್ಟಿನ ಕಾಳಿ ನದಿ ನೀರು. ಇಂಥ ಊರಿಗೆ ತಂಗಿಯ ಮಗ ಬೆಂಗಳೂರಿನಿಂದ ಲ್ಯಾಪ್‌ಟಾಪ್ ತಂದು, “ಮಾವಾ, ಬಿಸಿ ಹೇಗೆ ಹರಿಯುತ್ತೆ ಅಂತ ಲೆಕ್ಕ ಹಾಕ್ತಿದ್ದೇನೆ” ಎಂದ. ಪಾಪ.

ಗಾಜಿನ ಮೇಲೆ 50 ನ್ಯಾನೊಮೀಟರ್ ಸಿಲಿಕಾನ್ ಪದರವಂತೆ. ತಲೆಕೂದಲನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳು ಅಷ್ಟಿದ್ದೀತು. ಅದಕ್ಕೆ 30 ನ್ಯಾನೊಸೆಕೆಂಡಿನ ಒಂದು ಲೇಸರ್ ಮಿಂಚು. ಸಿಲಿಕಾನ್ ಸಾವಿರ ಡಿಗ್ರಿ ದಾಟಿ ಕರಗಿ, ಆರುವಾಗ ಹರಳುಗಟ್ಟುತ್ತದೆ. ಒಳ್ಳೆಯ ಮೊಬೈಲ್ ಪರದೆಗಳ ಬೆನ್ನಿಗಿರುವುದು ಇಂಥದೇ ಪದರ. ಗಾಜಿನ ಸಿಪ್ಪೆ ಬಿಸಿಯಾದೀತು, ಹೊಟ್ಟೆಗೆ ಸುದ್ದಿಯೇ ಮುಟ್ಟುವುದಿಲ್ಲ. ಅಷ್ಟು ಹೊತ್ತಿನಲ್ಲಿ ಬಿಸಿ ಒಳಗಿಳಿಯುವುದು ನೂರು ಚಿಲ್ಲರೆ ನ್ಯಾನೊಮೀಟರ್ ಅಷ್ಟೆ. ಗಾಜು ತೆಗೆದು ಸಿಲಿಕಾನ್ ಬಿಲ್ಲೆಯನ್ನೇ ಅಡಿಗಿಟ್ಟರೆ? ಬಿಸಿ ಹಲವು ಪಟ್ಟು ಆಳಕ್ಕೆ ಓಡಿಹೋಗಿ, ಮೇಲಿನ ಪದರ ಅರೆಬೆಂದು ಕೂರುತ್ತದೆ. ಪದರದ ಹಣೆಬರಹ ಇರುವುದು ಅಡಿಯಲ್ಲಿ.

“ಹಾಗಾದರೆ ತೆಳ್ಳೇವು ಹೊಯ್ದ ಹಾಗೇ ಆಯ್ತಲ್ಲೋ” ಎಂದಳು ನನ್ನ ಹೆಂಡತಿ. ತೆಳ್ಳೇವು ಎಂದರೆ ನಮ್ಮ ಕಡೆಯ ತೆಳು ದೋಸೆ.

“ಅಲ್ಲ ಅತ್ತೆ, ನಿಮ್ಮದರಲ್ಲಿ ಕಾವಲಿ ಬಿಸಿ, ಹಿಟ್ಟು ತಣ್ಣಗೆ. ನನ್ನದರಲ್ಲಿ ಹಿಟ್ಟು ಉರೀತದೆ, ಕಾವಲಿ ತಣ್ಣಗಿರ್ತದೆ.”

“ಕಾವಲಿ ತಣ್ಣಗಿದ್ದರೆ ಏಳೋದು ಹೇಗೆ?” ಅವನ ಬಳಿ ಉತ್ತರವಿರಲಿಲ್ಲ.

ರಾತ್ರಿ ಅವನು ಕೂಗಿಕೊಂಡ. ಪರದೆಯ ಮೇಲೆ ಮೈನಸ್ 40,000 ಡಿಗ್ರಿ! ಮೈನಸ್ 273ಕ್ಕಿಂತ ಕೆಳಗೆ ಯಾವ ವಸ್ತುವೂ ಇಳಿಯಲಾರದು ಎಂದು ನನಗೇ ಗೊತ್ತು. 1822ರಲ್ಲಿ ಫೂರಿಯೆ ಪುಸ್ತಕದಲ್ಲಿ ಬರೆದಿಟ್ಟ ಸಮೀಕರಣದ ತಪ್ಪಲ್ಲ ಅದು. ಹುಡುಗ ಪದರವನ್ನು ಚಿಕ್ಕ ಚಿಕ್ಕ ಮನೆಗಳಾಗಿ ಹಂಚಿ, ಕ್ಷಣಕ್ಷಣಕ್ಕೂ ಪಕ್ಕದ ಮನೆಗೆ ಎಷ್ಟು ಬಿಸಿ ದಾಟಿತು ಎಂದು ಎಣಿಸುತ್ತಿದ್ದ. ಚೆಂದ ಕಾಣಲೆಂದು ಮನೆಯ ಅಳತೆ ಅರ್ಧ ಮಾಡಿದ, ಕ್ಷಣದ ಅಳತೆ ಮುಟ್ಟಲಿಲ್ಲ. ಅವನು ಹಿಡಿದ ನೇರ ಲೆಕ್ಕದ ದಾರಿಯಲ್ಲಿ ಮನೆ ಅರ್ಧವಾದರೆ ಕ್ಷಣ ಕಾಲು ಭಾಗಕ್ಕಿಳಿಯಬೇಕು. ಇಲ್ಲದಿದ್ದರೆ ಪಕ್ಕದ ಮನೆಗೆ ಹೋಗಬೇಕಾದ ಸುದ್ದಿ ಒಂದೇ ನೆಗೆತಕ್ಕೆ ಆಚೆ ಕೇರಿಗೆ ಹಾರಿದಂತೆ. ನಮ್ಮೂರಿನಲ್ಲಿ ಸುದ್ದಿ ಹಾಗೆ ಹಾರಿದಾಗಲೂ ಸೊನ್ನೆಗಿಂತ ಕೆಳಗೇ ಇಳಿದಿರುತ್ತದೆ, ಆ ಮಾತು ಬೇರೆ.

ಬೆಳಿಗ್ಗೆ ಕ್ಷಣವನ್ನು ತಿದ್ದಿ, ಲೆಕ್ಕ ಓಡಲು ಬಿಟ್ಟು ತಿಂಡಿಗೆ ಬಂದ. ಮೊದಲ ತೆಳ್ಳೇವು ಕಾವಲಿಗೆ ಕಚ್ಚಿಕೊಂಡು ಹರಿಯಿತು. ಅದು ಎಂದಿನಂತೆ ಕಾಗೆಗೆ. ಅದು ಕಚ್ಚಿದ್ದು ಯಾಕೆಂದು ವಿವರಿಸಲು ಬಾಯಿ ತೆರೆದವನ ತಟ್ಟೆಗೆ ಎರಡನೆಯದು ಬಿತ್ತು.

ಮನೆಗಳು ಲಕ್ಷಗಟ್ಟಲೆ ಇದ್ದುದರಿಂದ ಲ್ಯಾಪ್‌ಟಾಪಿನಲ್ಲಿ ಆ 30 ನ್ಯಾನೊಸೆಕೆಂಡ್ ಮುಗಿಯುವಾಗ ಮಧ್ಯಾಹ್ನವಾಯಿತು. ಹುಡುಗ ಅಷ್ಟರಲ್ಲಿ 14 ತೆಳ್ಳೇವು ಮುಗಿಸಿದ್ದ.