ದಂತಭೀತಿ: ಗೋಣಿಬೀಡು ಹೋಬಳಿಯ ಮಕ್ಕಳಲ್ಲಿ ಅದರ ಉತ್ಪತ್ತಿ, ಪ್ರಸರಣ ಹಾಗೂ ಉಪದ್ರವಗಳು

ದಂತಭೀತಿ, ಅಂದರೆ ದಂತವೈದ್ಯರ ಹೆದರಿಕೆ, ಹಲ್ಲಿನಲ್ಲಿ ಹುಟ್ಟುವ ಕಾಯಿಲೆಯಲ್ಲ. ಹಲ್ಲಿಗೆ ಹುಳುಕು ಹತ್ತುವುದಕ್ಕೆ ಬಹಳ ಮೊದಲೇ, ಸಾಮಾನ್ಯವಾಗಿ ಅಡುಗೆಮನೆಯ ಆಸುಪಾಸಿನಲ್ಲಿ, ಇದು ಮೊಳೆಯುತ್ತದೆ. ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿಯಲ್ಲಿ ಮಗುವಿಗೆ ಸುಮಾರು 6 ತಿಂಗಳಿಗೆ ಮೊದಲ ಹಾಲುಹಲ್ಲು ಬಂದು, ಮೂರು ವರ್ಷದ ಹೊತ್ತಿಗೆ 20 ಹಲ್ಲೂ ಭರ್ತಿಯಾಗುತ್ತವೆ. ಈ ಒಂದು ವಿಷಯದಲ್ಲಿ ಹೋಬಳಿಯು ಉಳಿದ ಜಗತ್ತಿಗೆ ಸಮ್ಮತವಾಗಿಯೇ ನಡೆದುಕೊಂಡಿದೆ. ಅಷ್ಟರೊಳಗೆ “ಉಣ್ತೀಯೋ, ಡಾಕ್ಟ್ರತ್ರ ಸೂಜಿ ಹಾಕಿಸ್ಲೋ” ಎಂಬ ವಾಕ್ಯ ಮಗುವಿನ ಕಿವಿಗೆ ಅನ್ನದಷ್ಟೇ ನಿಯಮಿತವಾಗಿ ಬಿದ್ದಿರುತ್ತದೆ.

ಭೀತಿಯನ್ನು ಅಳೆಯಲು ವಿದ್ವಾಂಸರು ಹಲವು ಮಾಪಕಗಳನ್ನು ಮಾಡಿಟ್ಟಿದ್ದಾರೆ. ನಾರ್ಮನ್ ಕೋರಾ 1969ರಲ್ಲಿ ಪ್ರಕಟಿಸಿದ ಮಾಪಕದಲ್ಲಿ 4 ಪ್ರಶ್ನೆಗಳು. ಅಂಕ 4ರಿಂದ 20. ನಾಳೆ ದಂತವೈದ್ಯರ ಬಳಿ ಹೋಗಬೇಕೆಂದರೆ ಹೇಗನ್ನಿಸುತ್ತದೆ ಎಂಬುದೇ ಮೊದಲ ಪ್ರಶ್ನೆ. ಗೋಣಿಬೀಡಿನಲ್ಲಿ ಈ ಪ್ರಶ್ನೆ ನಿರುಪಯೋಗಿ. ಇಲ್ಲಿ ಯಾವ ಮಗುವಿಗೂ ನಾಳೆಯ ವಿಷಯ ಹೇಳುವ ಪದ್ಧತಿಯಿಲ್ಲ. ಮೂಡಿಗೆರೆ ಸಂತೆಗೆಂದು ಬಸ್ಸು ಹತ್ತಿಸಲಾಗುತ್ತದೆ. ಬಾಗಿಲ ಹೊರಗೆ ಚಪ್ಪಲಿ ಬಿಡಲು ಹೇಳಿದಾಗಲೇ ಮಗುವಿಗೆ ಸತ್ಯದರ್ಶನ. ಮಕ್ಕಳಿಗೆಂದೇ 1982ರಲ್ಲಿ ಕತ್ಬರ್ಟ್ ಮತ್ತು ಮೆಲಮೆಡ್ ಸಿದ್ಧಪಡಿಸಿದ 15 ಅಂಶಗಳ ಪಟ್ಟಿಯಲ್ಲಿ ಸೂಜಿ, ಕೊರೆಯುವ ಯಂತ್ರ, ಬಿಳಿ ಉಡುಪಿನವರು, ಅಪರಿಚಿತರ ಸ್ಪರ್ಶ ಎಲ್ಲವೂ ಇವೆ. ಅಣ್ಣ ಇಲ್ಲ. ಇದು ದೊಡ್ಡ ಲೋಪ. ತನ್ನ ದವಡೆಗೆ “ಇಷ್ಟುದ್ದದ” ಸೂಜಿ ಹೋಯಿತೆಂದು ಮೊಳಕೈವರೆಗೆ ಅಳತೆ ತೋರಿಸುವ ಅಣ್ಣನಷ್ಟು ಸಮರ್ಥ ಪ್ರಸಾರಕ ಇನ್ನೊಬ್ಬನಿಲ್ಲ.

ಇನ್ನು ಈ ಕ್ಷೇತ್ರದ ಅತಿ ಜಟಿಲ ಸಮಸ್ಯೆಯಾದ ಇಂಬಳ, ಅಂದರೆ ಜಿಗಣೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕಾಫಿ ತೋಟದ ದಾರಿಯಲ್ಲಿ ಶಾಲೆಗೆ ಹೋಗುವ ಮಗುವಿನ ಕಾಲಿಗೆ ಇದು ಹತ್ತುತ್ತದೆ, ಕಚ್ಚುತ್ತದೆ, ಹೊಟ್ಟೆತುಂಬ ರಕ್ತ ಕುಡಿಯುತ್ತದೆ, ರಕ್ತ ಹೆಪ್ಪುಗಟ್ಟದಂತೆ ಜೊಲ್ಲನ್ನೂ ಬಿಡುತ್ತದೆ. ಮಗು ಅದನ್ನು ಕಿತ್ತೆಸೆದು, ಸೋರುವ ರಕ್ತವನ್ನು ಚಡ್ಡಿಗೆ ಒರೆಸಿ, ಮಗ್ಗಿ ಹೇಳುತ್ತ ಮುಂದೆ ನಡೆಯುತ್ತದೆ. ಅದೇ ಮಗು ಮರಗಟ್ಟಿಸುವ ಔಷಧದ ಒಂದು ಹನಿಗೆ ಇಡೀ ಕಟ್ಟಡ ಕೇಳುವಂತೆ ಕೂಗುತ್ತದೆ. ರಕ್ತವಾಗಲಿ ಚುಚ್ಚುವಿಕೆಯಾಗಲಿ ಭೀತಿಗೆ ಸಾಕಾದ ಕಾರಣವಲ್ಲವೆಂಬುದು ಇದರಿಂದ ಸಿದ್ಧ. ಉಣ್ಣದಿದ್ದರೆ ಇಂಬಳಕ್ಕೆ ಕೊಡುತ್ತೇನೆಂದು ಹೆದರಿಸಿದ ತಾಯಿ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ. ವ್ಯತ್ಯಾಸವೆಲ್ಲ ಅಲ್ಲೇ ಇದೆ.

ಪೂರಕ ಸಾಕ್ಷ್ಯವೂ ಉಂಟು. ಅಲ್ಲಾಡುವ ಹಾಲುಹಲ್ಲಿಗೆ ದಾರ ಕಟ್ಟಿ ಬಾಗಿಲಿನ ಚಿಲಕಕ್ಕೆ ಬಿಗಿದು ಎಳೆಯುವುದು ದೇಶೀಯ ಶಸ್ತ್ರಕ್ರಿಯೆ. ಕಿತ್ತ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆಸೆದರೆ ರೋಗಿಯೇ ಊರೆಲ್ಲ ಬೊಚ್ಚುಬಾಯಿ ತೋರಿಸಿಕೊಂಡು ಬರುತ್ತಾನೆ. ದಂತಚಿಕಿತ್ಸಾಲಯದ ವಾಸನೆಯೇ ಭೀತಿಗೆ ಮೂಲವೆಂಬ ವಾದವೂ ಸ್ವಲ್ಪ ಸೊರಗಿದೆ. ತಾತ್ಕಾಲಿಕವಾಗಿ ಹಲ್ಲು ತುಂಬುವ ಒಂದು ಸಿಮೆಂಟಿನಲ್ಲಿರುವ ಯೂಜಿನಾಲ್ ಲವಂಗದ ಎಣ್ಣೆಯ ಮುಖ್ಯ ಅಂಶವೇ ಹೌದಾದರೂ, ಲವಂಗ ಹಾಕಿದ ಪಲಾವ್ ಕಂಡು ಓಡಿಹೋದ ಮಗು ಈವರೆಗೆ ಸಿಕ್ಕಿಲ್ಲ.

ಚಿಕಿತ್ಸೆಗೆ ಅಡೆಲ್ಸ್ಟನ್ 1959ರಲ್ಲಿ ಸೂಚಿಸಿದ ಕ್ರಮ ಇಂದಿಗೂ ಮಾನ್ಯ: ಮೊದಲು ಹೇಳು, ಆಮೇಲೆ ತೋರಿಸು, ಕೊನೆಗೆ ಮಾಡು. ಹೋಬಳಿಯ ಪಾಠಾಂತರ ಹೀಗಿದೆ: ಹೇಳಬೇಡ, ತೋರಿಸಬೇಡ, ಗಟ್ಟಿಯಾಗಿ ಹಿಡಿದುಕೋ. ಹಿಡಿಯಲು ಚಿಕ್ಕಪ್ಪ ಬಂದಿರುತ್ತಾನೆ. ಎಲ್ಲ ಮುಗಿದ ಮೇಲೆ ಧೈರ್ಯಕ್ಕೆಂದು ಬೇಕರಿಯಲ್ಲಿ ಚಾಕಲೇಟು ಕೊಡಿಸಿ ಮುಂದಿನ ಹುಳುಕಿಗೆ ಅಂಕಿತ ಹಾಕಲಾಗುತ್ತದೆ.

ತಂದೆತಾಯಿಯ ಅಂಜಿಕೆ ಮಕ್ಕಳಿಗೆ ಹರಿದುಬರುತ್ತದೆಂಬುದನ್ನು ಸಂಶೋಧನೆಗಳು ಬಹಳ ಕಾಲದಿಂದ ಹೇಳುತ್ತಿವೆ. ಆದ್ದರಿಂದ ಪ್ರೌಢಾವಸ್ಥೆಯ ಲಕ್ಷಣಗಳನ್ನೂ ದಾಖಲಿಸಬೇಕು. ರೋಗಿಯು ಒಂದೇ ಮಗ್ಗುಲಲ್ಲಿ ಅಗಿಯುತ್ತಾನೆ, ಇನ್ನೊಂದಕ್ಕೆ ಲವಂಗ ಒತ್ತಿಕೊಂಡಿರುತ್ತಾನೆ, ಮಗನಿಗೆ ಮಾತ್ರ “ಏನೂ ಆಗಲ್ಲ ಕಣೋ” ಎನ್ನುತ್ತಾನೆ. ಮಗನ ಹಲ್ಲು ಮುಗಿಸಿದ ವೈದ್ಯರು “ಬಂದಿದ್ದೀರಲ್ಲ, ನಿಮ್ದೂ ನೋಡೋಣ” ಎಂದೊಡನೆ ಕಣದಲ್ಲಿ ಒಣಹಾಕಿದ ಕಾಫಿ ನೆನಪಾಗುತ್ತದೆ. ಈ ಲಕ್ಷಣ ಕೊಯ್ಲು ನಡೆಯುವ ನವೆಂಬರಿನಿಂದ ಫೆಬ್ರವರಿವರೆಗೆ ಸಹಜ. ಜುಲೈನಲ್ಲೂ ಕಂಡುಬಂದರೆ ಭೀತಿ ಬಲಿತಿದೆಯೆಂದು ತಿಳಿಯಬೇಕು.