ಬಾಲಭಂಗ ಮೀಮಾಂಸೆ, ಅಥವಾ ಆಯುಧಪೂಜೆಯ ಮರುದಿನದ ಲಾರಿ

ಶಾಸ್ತ್ರಗ್ರಂಥದ ಮೊದಲಿಗೇ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯವೆಂದರೆ ಸ್ಕೂಲಿಗೆ ಸೇರದ ವಯಸ್ಸಿನ ಮಗುವೊಂದು ಲಾರಿಯ ಕ್ಯಾಬಿನ್ನಿನಲ್ಲಿ ಮುರಿದಿಟ್ಟ ಸ್ವಿಚ್ಚು, ಲಿವರು, ನಾಬುಗಳು. ಪ್ರಯೋಜನ, ಲಾರಿ ಮತ್ತೆ ಲೋಡಿಗೆ ಹೊರಡುವುದು. ಅಧಿಕಾರಿ, ಅಂದರೆ ಈ ಗ್ರಂಥವನ್ನು ಓದಲು ಯೋಗ್ಯನಾದವನು, ಕಂತು ಬಾಕಿಯಿರುವ ಮಾಲೀಕ. ಸಂಬಂಧದ ವಿಚಾರ ತುಸು ತೊಡಕಿನದು: ಮಗು ತನ್ನದೇ ಆದರೆ ಬೈಯಲು ಹೆಂಡತಿ ಬಿಡಳು, ತಂಗಿಯದಾದರೆ ಅಮ್ಮ ಬಿಡಳು.

ಕಾಲನಿರ್ಣಯದಲ್ಲಿ ಭಿನ್ನಮತವಿಲ್ಲ. ವರ್ಷವಿಡೀ ಮಕ್ಕಳನ್ನು ಹತ್ತಿರ ಸೇರಿಸದ ಲಾರಿ ಮಹಾನವಮಿಯಂದು ಮನೆಮುಂದೆ ಬಂದು ನಿಲ್ಲುತ್ತದೆ. ಬಂಪರಿಗೆ ಬಾಳೆಕಂದು, ಗ್ಲಾಸಿಗೆ ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ದೊಡ್ಡವರೆಲ್ಲ ಬೂದುಗುಂಬಳ ಒಡೆಯುವ ಗಡಿಬಿಡಿಯಲ್ಲಿರುವಾಗ, ಕಾಲಡಿ ಸಿಗದಿರಲೆಂದು ಮಗುವನ್ನು ಡ್ರೈವರ್ ಸೀಟಿನಲ್ಲಿ ಪ್ರತಿಷ್ಠಾಪಿಸಿ, ಕೈಗೊಂದು ಹಿಡಿ ಕಡ್ಲೆಪುರಿ (ದಾವಣಗೆರೆ ಪ್ರತಿಯ ಪಾಠಾಂತರ: ಮಂಡಕ್ಕಿ) ಕೊಟ್ಟು, "ಸುಮ್ನೆ ಕೂತಿರು ಪುಟ್ಟಾ" ಎನ್ನಲಾಗುತ್ತದೆ. ಈ ಶಾಸ್ತ್ರದ ಆಕರಸಾಮಗ್ರಿಯೆಲ್ಲ ಮಂಗಳಾರತಿ ಮುಗಿಯುವುದರೊಳಗೆ ಸಿದ್ಧವಾಗಿರುತ್ತದೆ.

ಮಗು ಮುರಿದದ್ದೇಕೆ? ವಂಶವಾದಿಗಳದು ಪೂರ್ವಪಕ್ಷ. ತಾಯಿ "ಅಪ್ಪನ ಕಡೆ ಬುದ್ಧಿ" ಎನ್ನುತ್ತಾಳೆ. ತಂದೆ ಮಗುವಿನ ಸೋದರಮಾವ ಹಿಂದೊಮ್ಮೆ ಕೆಡಿಸಿಟ್ಟ ಟಿ.ವಿ.ಯನ್ನು ಪ್ರಮಾಣವಾಗಿ ಎತ್ತುತ್ತಾನೆ. ಎರಡೂ ಅಗ್ರಾಹ್ಯ. ಮೀಮಾಂಸಕರು ವೇದವಾಕ್ಯವನ್ನು ವಿಧಿ, ನಿಷೇಧವೆಂದು ವಿಂಗಡಿಸಿದ ಕ್ರಮದಲ್ಲೇ ಕ್ಯಾಬಿನ್ನನ್ನು ಓದಬೇಕು. ಅಲ್ಲಿರುವುದೆಲ್ಲ ವಿಧಿಯೇ: ಬಟನ್ನು ಒತ್ತು ಎನ್ನುತ್ತದೆ, ಲಿವರು ಎಳೆ ಎನ್ನುತ್ತದೆ, ನಾಬು ತಿರುಗಿಸು ಎನ್ನುತ್ತದೆ. ನಿಷೇಧವಾಕ್ಯ ಒಂದೂ ಇಲ್ಲ. ಇದ್ದರೂ ಮಗುವಿಗೆ ಓದು ಬಾರದು. ಆದ್ದರಿಂದ ಮಗು ಕರ್ಮಠ, ನಿರಪರಾಧಿ.

ಭಂಗಗಳಲ್ಲಿ ಕಾಂಬಿನೇಷನ್ ಸ್ವಿಚ್ಚಿನ ಭಂಗವೇ ಪ್ರಧಾನ. ಸ್ಟೀರಿಂಗಿನ ಕೆಳಗಿರುವ ಈ ಒಂದೇ ಜೋಡಣೆಯಲ್ಲಿ ಇಂಡಿಕೇಟರ್, ಡಿಮ್-ಡಿಪ್, ವೈಪರ್ ಎಲ್ಲ ಸೇರಿಕೊಂಡಿರುತ್ತವೆ. ತಿರುವು ಮುಗಿದು ಸ್ಟೀರಿಂಗ್ ನೆಟ್ಟಗಾಗುವಾಗ ಒಳಗಿನ ಪುಟ್ಟ ಪ್ಲಾಸ್ಟಿಕ್ ಹಲ್ಲೊಂದು ಇಂಡಿಕೇಟರ್ ಲಿವರನ್ನು ತಾನಾಗಿ ಹಿಂದಕ್ಕೆ ತಳ್ಳುತ್ತದೆ. ಮಗು ಲಿವರಿಗೆ ಜೋತುಬಿದ್ದಾಗ ಮೊದಲು ಹೋಗುವುದು ಆ ಹಲ್ಲು. ಆಮೇಲೆ ಹಿರಿಯೂರಿನಲ್ಲಿ ಹಾಕಿದ ಇಂಡಿಕೇಟರ್ ಚಿತ್ರದುರ್ಗ ದಾಟಿ ದಾವಣಗೆರೆವರೆಗೂ ಮಿನುಗುತ್ತಲೇ ಇರುತ್ತದೆ. ಲಾರಿಯ ಬಲ ಇಂಡಿಕೇಟರಿಗೆ "ಬಲಕ್ಕೆ ತಿರುಗುತ್ತೇನೆ" ಎಂದೂ "ನೀನು ಮುಂದೆ ಹೋಗು" ಎಂದೂ ಎರಡರ್ಥ ಹೇಳುವ ನಮ್ಮ ಹೆದ್ದಾರಿಯಲ್ಲಿ ಇಂಥ ಶ್ಲೇಷಾಲಂಕಾರದಿಂದ ಜನ ಸತ್ತಾರು.

ಇಲ್ಲಿಗೆ ಸ್ವಿಚ್ಚಿನ ಬಾಲಭಂಗ ಮುಗಿಯಿತು. ಇನ್ನು ಪೂರ್ವಸೂರಿಗಳು ಗಮನಿಸದೆ ಬಿಟ್ಟ ಪ್ರೌಢಭಂಗ, ಅಂದರೆ ರಿಪೇರಿ. ಹಲ್ಲನ್ನು ಗೋಂದಿನಲ್ಲಿ ಅಂಟಿಸುವುದು ಅದರ ಮೊದಲ ಹಂತ. ಗೋಂದು ಹಲ್ಲನ್ನು ಬಿಟ್ಟು ಕಾಂಟ್ಯಾಕ್ಟುಗಳಿಗೆ ಹರಿದು ವೈಪರನ್ನೂ ಕೂರಿಸುತ್ತದೆ. ಎರಡನೆಯ ಹಂತದಲ್ಲಿ ಸ್ಟೀರಿಂಗ್ ಚಕ್ರವನ್ನು ಜಾಕಿ ರಾಡಿನಿಂದ ಮೀಟಲಾಗುತ್ತದೆ. ಬ್ಯಾಟರಿ ಕಟ್‌ಆಫ್ ಮಾಡಿ, ಚಕ್ರವನ್ನು ನೆಟ್ಟಗೆ ನಿಲ್ಲಿಸಿ, ಚಕ್ರಕ್ಕೂ ಶಾಫ್ಟಿಗೂ ಸೇರಿಸಿ ಒಂದು ಗುರುತು ಹಾಕಿ, ನಟ್ಟು ಬಿಚ್ಚಿ, ಪುಲ್ಲರ್ ಹಾಕಿ ತೆಗೆದು, ಹೊಸ ಸ್ವಿಚ್ಚನ್ನೇ ಕೂರಿಸುವುದು ಸಿದ್ಧಾಂತ. ಗುರುತು ಹಾಕದವರ ಲಾರಿ ನೇರವಾಗಿ ಹೋಗುತ್ತದೆ, ಚಕ್ರ ಮಾತ್ರ ಸೊಟ್ಟಗಿರುತ್ತದೆ.

ಮುಂದಿನದು ಚಾರ್ಜರ್ ಸಾಕೆಟ್. ಅದರ ನಡುವಿನ ತುದಿ ಪಾಸಿಟಿವ್, ಸುತ್ತಲ ಗೋಡೆ ನೆಗೆಟಿವ್; ಅಮ್ಮನ ಹೇರ್‌ಪಿನ್ನು ಎರಡನ್ನೂ ಕೂಡಿಸಿದಾಗ ಫ್ಯೂಸು ಪ್ರಾಣಾರ್ಪಣೆ ಮಾಡುತ್ತದೆ. ಫ್ಯೂಸಿನ ಜನ್ಮ ಇರುವುದೇ ಅದಕ್ಕೆ. 10 ಆಂಪಿಯರಿನದು ಕೆಂಪು, 15ರದು ನೀಲಿ, 20ರದು ಹಳದಿ, 30ರದು ಹಸಿರು. ಲೋಕದಲ್ಲಿ ಉಳಿಸಿಕೊಳ್ಳಬೇಕಾದ ವರ್ಣಭೇದ ಇದೊಂದೇ. ಪ್ರೌಢರು ಕೆಂಪಿನ ಜಾಗಕ್ಕೆ ಹಸಿರನ್ನೋ, ಅದೂ ಸಿಗದಿದ್ದರೆ ತಾಮ್ರದ ತಂತಿಯನ್ನೋ ಸಿಕ್ಕಿಸುತ್ತಾರೆ. ಆಗ ಸಾಯುವ ಸರದಿ ವೈರಿನದು. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವ ನೈಯಾಯಿಕರ ಆ ಹಳೆಯ ಉದಾಹರಣೆ ಡ್ಯಾಶ್‌ಬೋರ್ಡಿನ ಕೆಳಗೆ ಕೊನೆಗೂ ಉಪಯೋಗಕ್ಕೆ ಬರುವುದು ಹೀಗೆ. ಲಾರಿಯಲ್ಲಿರುವುದು 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಸೇರಿದ 24 ವೋಲ್ಟು ಎಂಬುದನ್ನು ಮರೆತು ಕಾರಿನ ಬಲ್ಬು ಹಾಕಿದವರಿಗೆ ಪ್ರತ್ಯಕ್ಷ ಪ್ರಮಾಣವೇ ದೊರೆಯುತ್ತದೆ, ಕ್ಷಣಮಾತ್ರ.

ಸಂದಿಗಳಲ್ಲಿ ಸೇರಿದ ಕಡ್ಲೆಪುರಿಯನ್ನು ಬ್ರಷ್ಷಿನಿಂದ ಹೊರಗೆಳೆಯಬೇಕು. ಲಾರಿಯದೇ ಗಾಳಿಯ ಪೈಪು ಹಿಡಿದು ಊದಿದರೆ ಅದು ಇನ್ನಷ್ಟು ಒಳಗೆ ಹೋಗುತ್ತದೆ.

ಹ್ಯಾಂಡ್‌ಬ್ರೇಕ್ ಲಿವರಿನ ವಿಷಯಕ್ಕೆ ಬರುವಾಗ ಶಾಸ್ತ್ರಕಾರನೂ ನಗು ನಿಲ್ಲಿಸುತ್ತಾನೆ. ಏರ್ ಬ್ರೇಕಿನ ಲಾರಿ ನಿಂತಾಗ ಚಕ್ರ ಹಿಡಿದಿರುವುದು ಸ್ಪ್ರಿಂಗು. ಗಾಳಿ ಬಂದು ಆ ಸ್ಪ್ರಿಂಗನ್ನು ಒತ್ತಿದರೆ ಚಕ್ರ ಸಡಿಲ. ಲಿವರನ್ನು ಹಿಂದೆ ಮುಂದೆ ಆಡಿಸಿದಾಗಿನ "ಪುಸ್ಸ್" ಸದ್ದಿನಷ್ಟು ಮಗುವನ್ನು ಸೆಳೆಯುವುದು ಕ್ಯಾಬಿನ್ನಿನಲ್ಲಿ ಬೇರೊಂದಿಲ್ಲ. ಗಾಳಿಯ ಟ್ಯಾಂಕು ಖಾಲಿಯಿದ್ದರೆ ಲಿವರು ಆಡಿಸಿದರೂ ಏನೂ ಆಗದು. ಗಾಳಿ ತುಂಬಿದ್ದು ನೆಲ ಇಳಿಜಾರಾಗಿದ್ದರೆ, ಬೂದುಗುಂಬಳ ಹಿಡಿದು ನಿಂತವರ ಮೇಲೆಯೇ ಲಾರಿ ಹೊರಡುತ್ತದೆ. ಚಕ್ರದಡಿಯ ನಿಂಬೆಹಣ್ಣು ಅಡೆಕಲ್ಲಿನ ಕೆಲಸ ಮಾಡದು. ಅಡೆಕಲ್ಲು ಬೇರೆ ಇಡಬೇಕು. ಮಗು ಕೈಯಾಡಿಸಿದ ಆ ವಾಲ್ವು ಗಾಳಿ ಸೋರುತ್ತಿದ್ದರೆ ಗೋಂದು, ಟೇಪು, ದಾರ ಯಾವುದನ್ನೂ ಮುಟ್ಟಿಸದೆ ಬ್ರೇಕ್ ಕೆಲಸ ಬಲ್ಲವರಿಂದ ಬದಲಾಯಿಸಬೇಕು.

ಕೊನೆಯದಾಗಿ ಶಾಸನ. ಬಾಲ್‌ಪೆನ್ನಿನಿಂದ ಡ್ಯಾಶ್‌ಬೋರ್ಡಿನ ಮೇಲೆ ಬರೆದ ಮೂರೂವರೆ ಗೀಟುಗಳಿವು. ಅಜ್ಜಿ ಇದನ್ನು "ಅ" ಎಂದು ಓದುತ್ತಾಳೆ, ಕ್ಲೀನರ್ ಹುಡುಗ ಆನೆ ಎನ್ನುತ್ತಾನೆ, ಎಲೆಕ್ಟ್ರಿಷಿಯನ್ ತನ್ನ ವೈರಿಂಗ್ ನಕ್ಷೆಗಿಂತ ಇದೇ ಸ್ಪಷ್ಟವಾಗಿದೆ ಎಂದು ಒಪ್ಪುತ್ತಾನೆ. 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದ ಹಲ್ಮಿಡಿ ಶಾಸನದ ಕಾಲದ ಬಗೆಗೇ ಚರ್ಚೆ ನಡೆದಿರುವಾಗ ಇದರ ಪಾಠ ಇಷ್ಟರಲ್ಲೇ ತೀರ್ಮಾನವಾಗಲೆಂದು ಬಯಸುವುದು ಅವಸರ. ಮಾಲೀಕರಿಗೆ ಅಷ್ಟು ತಾಳ್ಮೆಯಿಲ್ಲ. ಅವರು ಥಿನ್ನರಿನಲ್ಲಿ ಬಟ್ಟೆ ಅದ್ದಿ ಉಜ್ಜುತ್ತಾರೆ. ಗೀಟಿನ ಜತೆಗೆ ಪ್ಲಾಸ್ಟಿಕ್ಕಿನ ಚರ್ಮವೂ ಕರಗಿ ಅಂಗೈಯಗಲದ ಬಿಳಿ ಮಚ್ಚೆ ಏಳುತ್ತದೆ. ಶಾಸನವನ್ನು ಅಳಿಸಿದವರು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾರೆಂದು ನಮ್ಮ ಕಲ್ಲುಗಳು ಎಚ್ಚರಿಸುತ್ತ ಬಂದಿವೆ. ಲಾರಿ ಮಾಲೀಕ ಆ ಪಾಪದ ಮೇಲೆ ಸೀಟ್‌ಕವರ್ ಅಂಗಡಿಯ ಬಿಲ್ಲನ್ನೂ ಹೊರುತ್ತಾನೆ, ಮಚ್ಚೆ ಮುಚ್ಚಲು ಇಡೀ ಡ್ಯಾಶ್‌ಬೋರ್ಡಿಗೆ ಕೆಂಪು ರೆಕ್ಸಿನ್ ಹೊದಿಸಿ. ರೆಕ್ಸಿನ್ ಮೇಲೆ ಬಾಲ್‌ಪೆನ್ನು ಇನ್ನೂ ಸಲೀಸಾಗಿ ಓಡುತ್ತದೆಂದು ಪ್ರಾಥಮಿಕ ವರದಿಗಳು ತಿಳಿಸುತ್ತವೆ.